ಮರ ಹಳೆಯದು, ಪೆಟ್ಟಿಗೆ ಹೊಸದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರು ಕೊಬ್ಬರಿಯ ವಿಷಯದಲ್ಲಿ ಮೋಸಹೋಗುವುದು ಅಪರೂಪ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಒಳಗಿನ ಉಂಡೆ ಚಿಪ್ಪಿನಿಂದ ಬಿಟ್ಟಿದೆಯೇ ಇಲ್ಲವೇ ಎಂಬುದನ್ನು ಹತ್ತು ವರ್ಷದ ಹುಡುಗನೂ ಹೇಳಬಲ್ಲನು. ಸುಲಿದು ಒಡೆದ ಮೇಲೆ ಬಣ್ಣವನ್ನು ನೋಡುತ್ತಾರೆ, ಮೂಸಿ ನೋಡುತ್ತಾರೆ, ಉಗುರಿನಿಂದ ಗೀಚಿ ನೋಡುತ್ತಾರೆ. ಮಾರುವವನು ತನ್ನ ತೋಟದ ಹಿರಿಮೆಯನ್ನು ಕುರಿತು ಎಷ್ಟು ಕಥೆ ಹೇಳಿದರೂ ಮಂಡಿಯ ವರ್ತಕನು ಅದಕ್ಕೆ ಕಿವಿಗೊಡುವುದಿಲ್ಲ, ಕಾಯಿಗೆ ಕಿವಿಗೊಡುತ್ತಾನೆ. ಇದೇ ಜನರು ಹಳೆಯ ಪೆಟ್ಟಿಗೆಯನ್ನೋ ತಾಮ್ರದ ಹಂಡೆಯನ್ನೋ ಕೊಳ್ಳಲು ಹೋದಾಗ ಮಾತ್ರ ಈ ವಿವೇಕವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಅಲ್ಲಿ ಕಥೆಗೇ ಬೆಲೆ.

ನಾವೂ ಇದಕ್ಕೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಹೆದ್ದಾರಿಯ ಬದಿಯ ಒಂದು ಅಂಗಡಿಯಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆಯನ್ನು ಕಂಡು ನಿಂತೆವು. ಕಪ್ಪಾದ ಹಲಗೆ, ಹಿತ್ತಾಳೆಯ ಪಟ್ಟಿ, ಅಲ್ಲಲ್ಲಿ ಕುಟ್ಟೆ ಹುಳು ಕೊರೆದ ತೂತುಗಳು. "ಟಿಪ್ಪು ಕಾಲದ್ದು ಸ್ವಾಮಿ, ಪಾಳೆಯಗಾರರ ಮನೇದು" ಎಂದನು ಅಂಗಡಿಯವನು. ನಾವು ಚೌಕಾಸಿ ಮಾಡಿದೆವು, ಅವನು ಸ್ವಲ್ಪ ಇಳಿದನು, ಪೆಟ್ಟಿಗೆ ನಮ್ಮ ಮನೆಗೆ ಬಂದಿತು. ಅದನ್ನು ತಲೆಕೆಳಗು ಮಾಡಿ ಬೆಳಕಿನಲ್ಲಿ ನೋಡಿದುದು ಕೊಂಡ ಮೇಲೆ; ನೋಡಬೇಕಾಗಿದ್ದುದು ಕೊಳ್ಳುವ ಮೊದಲು.

ತಳದ ಹಲಗೆಯ ಒಳಮೈಯಲ್ಲಿ ಕಮಾನಿನಂತೆ ಬಾಗಿದ ಗೆರೆಗಳು ಒಂದರ ಪಕ್ಕದಲ್ಲಿ ಒಂದು, ಸಮವಾಗಿ ಮೂಡಿದ್ದವು. ಇವು ವಿದ್ಯುತ್ತಿನಿಂದ ತಿರುಗುವ ಗುಂಡು ಗರಗಸದ ಹಲ್ಲಿನ ಗುರುತು. ಇಬ್ಬರು ಬಡಗಿಗಳು ಮೇಲೆ ಕೆಳಗೆ ನಿಂತು ಎಳೆಯುತ್ತಿದ್ದ ಗರಗಸವು ನೇರವಾದ, ಆದರೆ ಒಂದಕ್ಕೊಂದು ಅಳತೆಯಲ್ಲಿ ಕೂಡದ ಗೆರೆಗಳನ್ನು ಬಿಡುತ್ತದೆ. ಕಮಾನನ್ನು ಎಂದಿಗೂ ಬಿಡುವುದಿಲ್ಲ. ಮುಚ್ಚಳದ ಕೀಲಿಗೆ ಹಾಕಿದ್ದ ತಿರುಪು ಮೊಳೆಗಳ ತಲೆಯಲ್ಲಿ ಕೂಡು ಗುರುತಿನ ಸೀಳು ಇತ್ತು. ಈ ಬಗೆಯ ಮೊಳೆ ಅಮೆರಿಕದಲ್ಲಿ ಬಳಕೆಗೆ ಬಂದುದು ೧೯೩೦ರ ದಶಕದಲ್ಲಿ. ಟಿಪ್ಪು ಸುಲ್ತಾನನು ತೀರಿಕೊಂಡುದು ೧೭೯೯ರಲ್ಲಿ. ಕೀಲನ್ನು ಮುಂದೆ ಎಂದೋ ರಿಪೇರಿ ಮಾಡಿರಬಹುದಷ್ಟೆ ಎಂದು ವಾದಿಸಬಹುದು. ವಾದ ಸರಿಯೇ. ಹಾಗೆ ರಿಪೇರಿ ಮಾಡಿದ್ದರೆ ಹಳೆಯ ಕೀಲು ಕುಳಿತಿದ್ದ ಜಾಗದ ಗುರುತೂ ಹಳೆಯ ಮೊಳೆಯ ತೂತುಗಳೂ ಅಲ್ಲಿಯೇ ಸುತ್ತಮುತ್ತ ಇರಬೇಕು. ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಮಾತನಾಡಿದುದು ಕುಟ್ಟೆಯ ತೂತುಗಳು. ಮರ ಕೊರೆಯುವ ಹುಳು ಹಲಗೆಯ ಒಳಗೆ ಅಂಕುಡೊಂಕಾದ ಸುರಂಗವನ್ನು ತೋಡಿ, ಬೆಳೆದು ದುಂಬಿಯಾದ ಮೇಲೆ ಮೇಲ್ಮೈಯಲ್ಲಿ ಒಂದು ಗುಂಡನೆಯ ತೂತನ್ನು ಮಾಡಿಕೊಂಡು ಹೊರಬೀಳುತ್ತದೆ. ಆದಕಾರಣ ಹೊರಗೆ ಕಾಣಬೇಕಾದುದು ತೂತು ಮಾತ್ರ, ಸುರಂಗವಲ್ಲ. ನಮ್ಮ ಪೆಟ್ಟಿಗೆಯ ಬದಿಯ ಹಲಗೆಯಲ್ಲಿ ಸುರಂಗಗಳೇ ಉದ್ದಕ್ಕೆ ಸೀಳಿ, ಕಾಲುವೆಗಳಂತೆ ತೆರೆದುಕೊಂಡಿದ್ದವು. ಹುಳು ತೆರೆದ ಕಾಲುವೆಯನ್ನು ತೋಡುವುದಿಲ್ಲ. ಹುಳು ತಿಂದು ಹೋದ ಎಷ್ಟೋ ಕಾಲದ ಮೇಲೆ ಯಾರೋ ಆ ಹಲಗೆಯನ್ನು ಮತ್ತೆ ಕೊಯ್ದಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಿಂಬದಿಯ ಹಲಗೆಯಲ್ಲಿ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದ್ದ ಒಂದು ಚೌಕ ತೂತು ಸಿಕ್ಕಿತು. ಅದು ಅಗುಳಿಯ ತೂತು. ನಮ್ಮ ಪೆಟ್ಟಿಗೆ ಒಂದು ಕಾಲಕ್ಕೆ ಯಾರದೋ ಮನೆಯ ಬಾಗಿಲಾಗಿತ್ತು.

ಮರ ಹಳೆಯದು, ಪೆಟ್ಟಿಗೆ ಹೊಸದು. ಒಂದು ನಿಜವಾದ ಬಾಗಿಲನ್ನು ಕೊಯ್ದು ಒಂದು ಸುಳ್ಳು ಪೆಟ್ಟಿಗೆಯನ್ನು ಮಾಡಿದ್ದರು. ನಾವು ಕಳೆದುಕೊಂಡ ಹಣ ಅಷ್ಟೇನೂ ದೊಡ್ಡದಲ್ಲ. ಆದರೆ ಈ ವ್ಯಾಪಾರದಲ್ಲಿ ಸುಳ್ಳು ವಸ್ತುವು ನಿಜವಾದ ವಸ್ತುವನ್ನು ತಿಂದೇ ಹುಟ್ಟುತ್ತದೆ ಎಂಬುದನ್ನು ಅಂದಿನವರೆಗೂ ನಾವು ಯೋಚಿಸಿರಲಿಲ್ಲ. ಮರುವಾರ ಹೋಗಿ, ಆ ಬಾಗಿಲು ಯಾವ ಊರಿನದೆಂದು ಕೇಳಿದೆವು. ಅಂಗಡಿಯವನು ನಾಚದೆ, ಕೋಪಿಸಿಕೊಳ್ಳದೆ, "ಯಾರಿಗೆ ಗೊತ್ತು ಸ್ವಾಮಿ, ಲಾರೀಲಿ ಬರುತ್ತೆ" ಎಂದನು.

ಲಾರಿ ಬರುತ್ತಲೇ ಇದೆ. ತೊಟ್ಟಿಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವುದು ನಮ್ಮ ಸೀಮೆಯಲ್ಲಿ ವರ್ಷವರ್ಷವೂ ನಡೆದಿದೆ. ಅದನ್ನು ನಾವು ತಪ್ಪೆನ್ನುವುದಿಲ್ಲ. ಸೋರುವ ಹೆಂಚಿನ ಕೆಳಗೆ ಬಾಳಿದವರಿಗೆ ತಾರಸಿಯ ಬೆಲೆ ಗೊತ್ತು. ಆದರೆ ಕಂಬ, ಬೋದಿಗೆ, ಬಾಗಿಲುವಾಡ, ಮಂಚ, ತೊಟ್ಟಿಲು, ಕೊಳಗ, ಸೇರು, ತುರಿಯುವ ಮಣೆ ಮುಂತಾದುವೆಲ್ಲ ಸೌದೆಯ ಬೆಲೆಗೋ ಗುಜರಿಯ ತೂಕಕ್ಕೋ ಹೋಗಿ, ಬೆಂಗಳೂರಿನ ಅಂಗಡಿಗಳಲ್ಲಿ ಬೇರೆಯದೇ ಹೆಸರು, ಬೇರೆಯದೇ ವಯಸ್ಸು ಪಡೆದು ಕುಳಿತುಕೊಳ್ಳುತ್ತವೆ. ಅಜ್ಜಿ ಕುಳಿತು ಕಾಯಿ ತುರಿದ ಮಣೆಗೆ ಅಲ್ಲಿ 'ಚೆಟ್ಟಿನಾಡಿನದು' ಎಂಬ ಚೀಟಿ ಅಂಟಿಸಿದ್ದನ್ನು ನಾವೇ ನೋಡಿದ್ದೇವೆ.

ಹಾಗಾದರೆ ನಿಜವನ್ನು ತಿಳಿಯುವ ಬಗೆ ಹೇಗೆ? ಇದಕ್ಕೆ ಬೇಕಾದ ವಿಜ್ಞಾನವು ಬಹುಮಟ್ಟಿಗೆ ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿಯೇ ಇದೆ. ಆದರೆ ಮೊದಲು ಒಂದು ತರ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಒಂದು ಗುರುತು ವಸ್ತುವನ್ನು ಹೊಸದೆಂದು ಸಾಧಿಸಬಲ್ಲುದು. ಯಾವ ಒಂದು ಗುರುತೂ ಅದನ್ನು ಹಳೆಯದೆಂದು ಸಾಧಿಸಲಾರದು. ಕಮ್ಮಾರನು ಬಡಿದು ಮಾಡಿದ ಚೌಕ ಮೊಳೆಯನ್ನು ಕಂಡೊಡನೆಯೇ ಅನೇಕರು ಕುಣಿದಾಡುತ್ತಾರೆ. ಯೂರೋಪಿನಲ್ಲಿ ಯಂತ್ರದ ತಂತಿಮೊಳೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕೈಮೊಳೆಗಳನ್ನು ಮೂಲೆಗೆ ತಳ್ಳಿದವು, ನಿಜ. ಆದರೆ ನಮ್ಮ ಹಳ್ಳಿಯ ಕುಲುಮೆಗಳಲ್ಲಿ ಕೈಮೊಳೆಯನ್ನು ಅದಾದ ಮೇಲೂ ಬಹುಕಾಲ ಬಡಿಯುತ್ತಿದ್ದರು. ಇಂದೂ ಬೇಕೆಂದರೆ ಬಡಿದುಕೊಡುವವರು ಉಂಟು. ಇಂಗ್ಲಿಷ್ ಪುಸ್ತಕದಲ್ಲಿ ಓದಿದ ಲಕ್ಷಣಗಳನ್ನು ಚಿಕ್ಕನಾಯಕನಹಳ್ಳಿಯ ಮಂಚಕ್ಕೆ ಹಾಗೆಯೇ ಅನ್ವಯಿಸುವುದು ಅವಿವೇಕ. ಕೈಮೊಳೆ ಇದ್ದರೆ ವಸ್ತುವು ಹಳೆಯದಾಗಿರಬಹುದು, ಅಷ್ಟೆ. ಕೂಡು ಸೀಳಿನ ಮೊಳೆಯೊಂದೇ, ಅದು ಮೂಲದಲ್ಲೇ ಹಾಕಿದ್ದಾದರೆ, ಇನ್ನೂರು ವರ್ಷದ ಕಥೆಯನ್ನು ಮುಗಿಸಿಬಿಡುತ್ತದೆ.

ಮರವು ಒಣಗುವ ರೀತಿ ಇನ್ನೊಂದು ಒಳ್ಳೆಯ ಸಾಕ್ಷಿ. ಮರವು ತನ್ನ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲಿಯೂ ಉಂಗುರಗಳ ಗುಂಟ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಪರಿಣಾಮವೇನೆಂದರೆ, ಪೂರ್ತಿ ಒಣಗದ ಮರದಲ್ಲಿ ಗುಂಡಗೆ ಕಡೆದ ಮಂಚದ ಕಾಲು ಕಾಲಾನುಕ್ರಮದಲ್ಲಿ ಗುಂಡಾಗಿ ಉಳಿಯುವುದಿಲ್ಲ. ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣದು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಗುಂಡು ಅಳೆಯಲು ಕೊಡುವ ವರ್ನಿಯರ್ ಕ್ಯಾಲಿಪರನ್ನು ಒಮ್ಮೆ ಉತ್ತರ ದಕ್ಷಿಣವಾಗಿ, ಒಮ್ಮೆ ಪೂರ್ವ ಪಶ್ಚಿಮವಾಗಿ ಹಿಡಿದರೆ ವ್ಯತ್ಯಾಸ ಸಿಗುತ್ತದೆ. ಸಿಗದಿದ್ದರೆ ಮಾತ್ರಕ್ಕೆ ಹೊಸದೆನ್ನಬಾರದು. ಬಡಗಿ ಚೆನ್ನಾಗಿ ಒಣಗಿದ ಮರವನ್ನೇ ತೆಗೆದುಕೊಂಡಿರಬಹುದು.

ತೆಂಗಿನ ಸೀಮೆಯಲ್ಲಿ ತೆಂಗಿನ ಮಾತನ್ನು ಬಿಡಲಾದೀತೆ? "ಈ ಕಂಬದಲ್ಲಿ ಉಂಗುರ ಎಣಿಸಿ ನೋಡಿ, ನೂರೈವತ್ತು ವರ್ಷ" ಎಂದು ಯಾರಾದರೂ ತೆಂಗಿನ ಕಂಬವನ್ನು ತೋರಿಸಿದರೆ ನಕ್ಕು ಮುಂದೆ ನಡೆಯಬಹುದು. ತೆಂಗು ಏಕದಳ ಸಸ್ಯ. ಮಾವು ಹಲಸುಗಳ ಕಾಂಡವನ್ನು ವರ್ಷವರ್ಷವೂ ದಪ್ಪಮಾಡುವ ವರ್ಧನ ಪದರವು ಅದಕ್ಕಿಲ್ಲ. ಆದಕಾರಣ ಉಂಗುರಗಳೂ ಇಲ್ಲ. ಉರುಳಿಬಿದ್ದ ತೆಂಗಿನ ಮರದ ಕೊಯ್ದ ಮುಖವನ್ನು ನೋಡಿ: ಕಂದು ಚುಕ್ಕೆಗಳು, ಅಂಚಿನಲ್ಲಿ ಒತ್ತಾಗಿ, ನಡುವೆ ವಿರಳವಾಗಿ ಹರಡಿರುತ್ತವೆ. ಆ ಚುಕ್ಕೆಗಳೇ ನೀರು ಆಹಾರಗಳನ್ನು ಸಾಗಿಸುವ ನಾಳಕೂರ್ಚಗಳು. ಅಂಚು ಗಟ್ಟಿ, ನಡು ಮೆದು ಎಂಬುದು ಇದರಿಂದಲೇ. ಉದ್ದಕ್ಕೆ ಕೊಯ್ದ ಹಲಗೆಯಲ್ಲಿ ಇವೇ ಚುಕ್ಕೆಗಳು ಸೂಜಿಯಂಥ ಕಪ್ಪು ಗೆರೆಗಳಾಗಿ ಕಾಣುತ್ತವೆ. ಇದಕ್ಕೆ ಬಣ್ಣ ಬಳಿದು 'ಬೀಟೆ' ಎಂದು ಮಾರುವವರಿಗೆ ಒಂದು ಭೂತಕನ್ನಡಿಯ ಭಯ ಸಾಕು. ಇದಕ್ಕೆ ವಿರುದ್ಧವಾಗಿ ತೇಗದಲ್ಲಿ ವಾರ್ಷಿಕ ಉಂಗುರಗಳು ಸ್ಪಷ್ಟವಾಗಿವೆ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು ತೇಗದ ಉಂಗುರಗಳ ಅಗಲವನ್ನು ಅಳೆದು ಹಿಂದಿನ ಶತಮಾನಗಳ ಮಳೆಯ ಏರಿಳಿತವನ್ನೇ ಅಭ್ಯಸಿಸಿದ್ದಾರೆ. ಯಾವ ಮರವೆಂದು ತಿಳಿಯದೆ ತೊಳಲುವವರಿಗೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮರದ ಒಂದು ಸಣ್ಣ ಚೂರಿನಿಂದ ಜಾತಿಯನ್ನು ಗುರುತಿಸುವುದು ಅಲ್ಲಿನ ವಿದ್ವಾಂಸರ ದಿನನಿತ್ಯದ ವಿದ್ಯೆ.

ನಮ್ಮ ಮನೆಗಳ ಅಟ್ಟವೇ ಒಂದು ಸಾಕ್ಷಿಶಾಲೆ. ಕೆಳಗೆ ಸೌದೆ ಒಲೆ, ಮೇಲೆ ಕಾಯಿಯ ರಾಶಿ. ಹೊಗೆ ಮೆಲ್ಲಗೆ ಏರಿ ಅಟ್ಟದ ಮರಮುಟ್ಟುಗಳ ಮೇಲೆ ಪದರ ಪದರವಾಗಿ ಕೂರುತ್ತದೆ. ಇಂಥ ಅಟ್ಟದಲ್ಲಿ ಎಂಬತ್ತು ವರ್ಷ ಇದ್ದ ಪೆಟ್ಟಿಗೆಯು ಎಲ್ಲ ಕಡೆಯೂ ಒಂದೇ ಸಮನಾಗಿ ಕಪ್ಪಾಗುವುದಿಲ್ಲ. ಗೋಡೆಗೆ ಒತ್ತಿದ್ದ ಬೆನ್ನು ತಿಳಿಯಾಗಿರುತ್ತದೆ. ಮುಚ್ಚಳದ ಮೇಲೆ ಇನ್ನೊಂದು ಪೆಟ್ಟಿಗೆ ಕುಳಿತಿದ್ದರೆ ಅದರ ಅಡಿಯ ಆಕಾರ ಬೆಳ್ಳಗೆ ಉಳಿದಿರುತ್ತದೆ. ಮೂಲೆಗಳಲ್ಲಿ ಇಲ್ಲಣವು ಜಿಡ್ಡಿನೊಡನೆ ಸೇರಿ ಗಟ್ಟಿಯಾಗಿರುತ್ತದೆ. ಕೈ ಹಿಡಿದು ಎತ್ತುವ ಜಾಗ ಮಾತ್ರ ಸವೆದು ನುಣುಪಾಗಿರುತ್ತದೆ. ಅಂಗಡಿಯ ಕಪ್ಪು ಹಾಗಲ್ಲ. ಅದು ಒಳಗೂ ಹೊರಗೂ, ಬೆನ್ನಿಗೂ ಹೊಟ್ಟೆಗೂ ಒಂದೇ ಬಣ್ಣ, ಒಂದೇ ದಿನದ ವಾರ್ನಿಷು. ಬದುಕು ವಸ್ತುವನ್ನು ಒಂದೇ ಸಮನಾಗಿ ಸವೆಸುವುದಿಲ್ಲ. ತುರಿಯುವ ಮಣೆಯಲ್ಲಿ ಕೂರುವ ಕಡೆ ಸವೆದಿರಬೇಕು, ಅದರ ಅಡಿಯಲ್ಲಿ ನೆಲಕ್ಕೆ ತಾಗುವ ಕಾಲು ಸವೆದಿರಬೇಕು; ಯಾರ ಕೈಯೂ ಮೈಯೂ ತಾಗದ ಕಡೆ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ.

ಲೋಹದ ವಿಷಯಕ್ಕೆ ಬಂದರೆ ಜನರ ನಂಬಿಕೆ ಪೂರ್ತಿ ತಲೆಕೆಳಗು. ಹಸಿರು ಕಿಲುಬು ಹಿಡಿದ ತಾಮ್ರದ ಬಿಂದಿಗೆಯೆಂದರೆ ಪುರಾತನವೆಂದು ಭಾವಿಸುತ್ತಾರೆ. ನಮ್ಮ ಮನೆಗಳಲ್ಲಿ ಬಿಂದಿಗೆ ಹಂಡೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯುವುದು ತಲೆತಲಾಂತರದ ವಾಡಿಕೆ. ಹುಣಸೆಯಲ್ಲಿನ ಆಮ್ಲವು ತಾಮ್ರದ ಆಕ್ಸೈಡು, ಕಾರ್ಬೊನೇಟುಗಳನ್ನು ಕರಗಿಸಿ ತೆಗೆಯುತ್ತದೆ. ಹೀಗೆ ನೂರು ವರ್ಷ ತಿಕ್ಕಿಸಿಕೊಂಡ ಬಿಂದಿಗೆಯಲ್ಲಿ ಕಿಲುಬು ಎಲ್ಲಿಂದ ಬರಬೇಕು? ಅಲ್ಲಿ ಇರಬೇಕಾದುದು ಸವೆತ: ಕಂಠದಲ್ಲಿ ಹಗ್ಗ ಉಜ್ಜಿದ ಗುರುತು, ಕಂಕುಳಲ್ಲಿ ಹೊತ್ತು ನಯವಾದ ಹೊಟ್ಟೆ, ಒಳಗೆ ಕಲಾಯಿ ಹಾಕಿಸಿದ್ದರೆ ಅದರ ಪದರಗಳು. ಉಪ್ಪು, ಹುಳಿ, ನವಸಾಗರಗಳನ್ನು ಬಳಿದು ಮಣ್ಣಿನಲ್ಲಿ ಹೂತಿಟ್ಟರೆ ಕೆಲವೇ ವಾರಗಳಲ್ಲಿ ಹಸಿರು ಬರುತ್ತದೆ. ಈ ಹಸಿರು ಒದ್ದೆ ಬಟ್ಟೆಗೆ ಹುಡಿಯಾಗಿ ಅಂಟಿಕೊಳ್ಳುತ್ತದೆ. ಭೂಮಿಯೊಳಗೆ ಶತಮಾನಗಳು ಕಳೆದ ಕಂಚಿನ ಮೇಲಿನ ಹಸಿರು ಲೋಹದೊಳಗಿನಿಂದಲೇ ಬೆಳೆದಿದ್ದು, ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಬಳಸಿದ ಬಿಂದಿಗೆಯಲ್ಲಿ ಹಸಿರನ್ನು ಕಂಡರೆ ಬೆಲೆ ಏರಿಸುವುದಕ್ಕೆ ಬದಲು ಸಂಶಯವನ್ನು ಏರಿಸುವುದು ಮೇಲು.

ತಾಮ್ರದ ಮಾತು ಬಂದುದರಿಂದ ಒಂದು ದುಷ್ಟ ವ್ಯವಹಾರವನ್ನು ಇಲ್ಲಿಯೇ ಹೇಳಿಬಿಡಬೇಕು. ಹಳೆಯ ತಾಮ್ರದ ಚೊಂಬಿಗೆ ಸಿಡಿಲು ಬಡಿದು ಅದರಲ್ಲಿ ಇರಿಡಿಯಂ ಉಂಟಾಗಿದೆಯೆಂದೂ, ಅದು ಅಕ್ಕಿಯ ಕಾಳನ್ನು ತನ್ನತ್ತ ಎಳೆಯುತ್ತದೆಂದೂ, ವಿದೇಶದವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆಂದೂ ನಂಬಿಸಿ ಲಕ್ಷಾಂತರ ರೂಪಾಯಿ ಮುಂಗಡ ಪಡೆದು ಮಾಯವಾಗುವ 'ರೈಸ್ ಪುಲ್ಲಿಂಗ್' ವಂಚಕರ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಸಿಡಿಲು ಒಂದು ಧಾತುವನ್ನು ಇನ್ನೊಂದಾಗಿ ಮಾಡಲಾರದು. ಅಕ್ಕಿ ಚಲಿಸುವುದಾದರೆ ಅದರೊಳಗೆ ಕಬ್ಬಿಣದ ಅರದ ಹುಡಿಯಿರುತ್ತದೆ, ಚೊಂಬಿನೊಳಗೆ ಅಯಸ್ಕಾಂತವಿರುತ್ತದೆ. ನಿಮ್ಮ ಮನೆಯ ಅಕ್ಕಿಯನ್ನು ತೆಗೆದುಕೊಂಡು ಹೋದರೆ ಚಮತ್ಕಾರ ನಿಂತುಹೋಗುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ಓದಿದ ಹುಡುಗನು ಮಾಡಬಹುದಾದ ಇನ್ನೊಂದು ಪರೀಕ್ಷೆಯುಂಟು. ಎರಡು ಕಿಲೋಗ್ರಾಂ ತೂಗುವ ತಾಮ್ರದ ಪಾತ್ರೆಯನ್ನು, ಗಾಳಿ ನಿಲ್ಲದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿದರೆ ಸುಮಾರು ೨೨೩ ಗ್ರಾಂ ತೂಕ ಕಡಿಮೆಯಾಗುತ್ತದೆ; ಅಷ್ಟೇ ತೂಕದ ಇರಿಡಿಯಂ ಆಗಿದ್ದರೆ ಕಡಿಮೆಯಾಗುವುದು ೮೯ ಗ್ರಾಂ ಮಾತ್ರ. ಏಕೆಂದರೆ ತಾಮ್ರದ ಸಾಂದ್ರತೆ ೮.೯೬, ಇರಿಡಿಯಮ್ಮಿನದು ೨೨.೫೬. ಓದಿದವರೂ ಈ ಬಲೆಗೆ ಬಿದ್ದಿರುವುದನ್ನು ನೋಡಿದರೆ ಆರ್ಕಿಮಿಡೀಸನು ಪರೀಕ್ಷೆಯ ಕೊಠಡಿಯಿಂದ ಹೊರಗೆ ಬರುವುದೇ ಇಲ್ಲವೇನೋ ಎಂದು ವ್ಯಥೆಯಾಗುತ್ತದೆ.

ನಾಣ್ಯಗಳಲ್ಲಿ ಭೌತಶಾಸ್ತ್ರಕ್ಕಿಂತ ಇತಿಹಾಸವೇ ಹೆಚ್ಚು ಉಪಯೋಗ. ಜಾತ್ರೆಗಳಲ್ಲಿ, ಬಸ್ಸು ನಿಲ್ದಾಣಗಳಲ್ಲಿ ಶ್ರೀರಾಮ ಪಟ್ಟಾಭಿಷೇಕವನ್ನೋ ಹನುಮಂತನನ್ನೋ ಒಂದು ಕಡೆಯಲ್ಲಿ ಹೊತ್ತು, ಇನ್ನೊಂದು ಕಡೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ ೧೬೧೬, ೧೭೧೭, ೧೮೧೮ ಎಂಬಂಥ ಇಸವಿಗಳನ್ನೂ ಹೊತ್ತ ದಪ್ಪ ಬಿಲ್ಲೆಗಳು ಮಾರಾಟಕ್ಕಿರುತ್ತವೆ. ೧೬೧೬ರಲ್ಲಿ ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ವ್ಯಾಪಾರದ ಅನುಮತಿಗಾಗಿ ಜಹಾಂಗೀರನ ಆಸ್ಥಾನದಲ್ಲಿ ಕಾದು ನಿಂತಿದ್ದನು. ಅಂಥ ಕಂಪನಿ ಅಂದು ರಾಮದೇವರ ಚಿತ್ರವುಳ್ಳ ಆಣೆಯನ್ನು ಟಂಕಿಸಿತೆಂದು ನಂಬುವುದು ಹೇಗೆ? ಕಂಪನಿಯ ಆಡಳಿತದ ಪ್ರದೇಶಗಳಿಗೆಲ್ಲ ಏಕರೂಪದ ನಾಣ್ಯ ಬಂದುದು ೧೮೩೫ರ ಕಾನೂನಿನಿಂದ. ಆ ಕಾಲದ ತಾಮ್ರದ ಕಾಲಾಣೆಯ ತೂಕ ನೂರು ಗ್ರೇನು, ಎಂದರೆ ಸುಮಾರು ಆರೂವರೆ ಗ್ರಾಂ. ದೇವಾಲಯಗಳಲ್ಲಿ ಪೂಜೆಗೆಂದು ಮಾಡುತ್ತಿದ್ದ ರಾಮಟಂಕೆಗಳು ನಿಜವಾಗಿಯೂ ಇದ್ದವು. ಆದರೆ ಅವುಗಳಲ್ಲಿ ಕಂಪನಿಯ ಹೆಸರಿಲ್ಲ. ವಿಷಾದದ ಸಂಗತಿಯೆಂದರೆ, ಈ ಬಿಲ್ಲೆಗಳಿಗೆ ಮುಗಿಬೀಳುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆ ಅಥವಾ ಸಿಂಹದ ಗುರುತೂ 'ಮಯಿಲಿ ಕಾಸು' ಎಂಬ ಕನ್ನಡ ಬರಹವೂ ಇರುವ ನಿಜವಾದ ಸವೆದ ಕಾಸನ್ನು ಮಕ್ಕಳ ಆಟಕ್ಕೆ ಕೊಟ್ಟುಬಿಟ್ಟಿರುತ್ತಾರೆ.

ದೇವರ ಕೋಣೆಯ ಪಟಗಳನ್ನು ಪರೀಕ್ಷಿಸುವುದು ಇನ್ನೂ ಸುಲಭ. ರವಿವರ್ಮನ ಮುದ್ರಣಾಲಯ ಮುಂಬಯಿಯಲ್ಲಿ ೧೮೯೪ರಲ್ಲಿ ಆರಂಭವಾಯಿತು. ಅಲ್ಲಿನ ಕಲ್ಲಚ್ಚಿನ ಚಿತ್ರಗಳನ್ನು ಭೂತಕನ್ನಡಿಯಲ್ಲಿ ನೋಡಿದರೆ ಬಣ್ಣದ ಚುಕ್ಕೆಗಳು ಕ್ರಮವಿಲ್ಲದೆ, ಕೈಯಿಂದ ಇಟ್ಟಂತೆ ಕಾಣುತ್ತವೆ. ಇಂದಿನ ಆಫ್‌ಸೆಟ್ ಮುದ್ರಣದಲ್ಲಿ ಚುಕ್ಕೆಗಳು ಸಾಲುಹಿಡಿದು ಪುಟ್ಟ ಹೂವುಗಳಂತೆ ಜೋಡಿಸಿಕೊಂಡಿರುತ್ತವೆ. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟಿರುವ ಅತಿನೇರಳೆ ದೀಪದ ಕೆಳಗೆ ಹಿಡಿದಾಗ ಕಾಗದವು ನೀಲಿಯಾಗಿ ಹೊಳೆದರೆ ಅದರಲ್ಲಿ ಬೆಳ್ಳಗಾಗಿಸುವ ರಾಸಾಯನಿಕವಿದೆ. ಕಾಗದಕ್ಕೆ ಅದನ್ನು ಸೇರಿಸುವ ವಾಡಿಕೆ ಆರಂಭವಾದುದು ೧೯೫೦ರ ಸುಮಾರಿಗೆ. ಕಾಲಕ್ಕೆ ಸಲ್ಲದ ವಸ್ತುವೊಂದು ಎಷ್ಟು ದೊಡ್ಡ ಸುಳ್ಳನ್ನಾದರೂ ಕೆಡವಬಲ್ಲುದು. ಹಾಲೆಂಡಿನ ವಾನ್ ಮೇಗೆರೆನ್ ಎಂಬ ಚಿತ್ರಕಾರನು ಹದಿನೇಳನೆಯ ಶತಮಾನದ ವರ್ಮೀರನ ಹೆಸರಿನಲ್ಲಿ ಚಿತ್ರಗಳನ್ನು ಬರೆದು, ೧೯೩೭ರಲ್ಲಿ ಅಲ್ಲಿನ ಅಗ್ರಗಣ್ಯ ಕಲಾತಜ್ಞನಿಂದಲೇ ಹೊಗಳಿಸಿಕೊಂಡನು. ಬಣ್ಣ ಬೇಗ ಗಟ್ಟಿಯಾಗಲೆಂದು ಅವನು ಬೆರೆಸಿದ್ದುದು ಬೇಕಲೈಟಿನ ಜಾತಿಯ ರಾಳ. ೧೯೪೭ರಲ್ಲಿ ವಿಚಾರಣೆಯ ಕಾಲಕ್ಕೆ ರಸಾಯನಜ್ಞರು ಅದನ್ನೇ ಎತ್ತಿ ತೋರಿಸಿದರು. ವರ್ಮೀರನು ಸತ್ತುದು ೧೬೭೫ರಲ್ಲಿ. ಬೇಕಲೈಟು ಹುಟ್ಟಿದುದು ಇಪ್ಪತ್ತನೆಯ ಶತಮಾನದಲ್ಲಿ.

ಇಷ್ಟನ್ನು ಓದಿದ ವಿದ್ಯಾರ್ಥಿಗಳು, ಇಷ್ಟೆಲ್ಲ ತೊಂದರೆ ಏಕೆ, ಇಂಗಾಲ-೧೪ರ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ ಎಂದು ಕೇಳುವುದುಂಟು. ವಿಲ್ಲರ್ಡ್ ಲಿಬಿಗೆ ೧೯೬೦ರಲ್ಲಿ ನೊಬೆಲ್ ಬಹುಮಾನವನ್ನು ತಂದ ಆ ವಿಧಾನ ಅದ್ಭುತವಾದುದೇ. ಆದರೆ ಮನೆಯ ಪೆಟ್ಟಿಗೆ ಮಂಚಗಳ ಮಟ್ಟಿಗೆ ಅದಕ್ಕೆ ಎರಡು ಕುಂದುಗಳಿವೆ. ಅದು ಹೇಳುವುದು ಮರದಲ್ಲಿ ಆ ಉಂಗುರ ಬೆಳೆದ ಕಾಲವನ್ನು, ಬಡಗಿ ಕೆಲಸ ಮಾಡಿದ ಕಾಲವನ್ನಲ್ಲ. ನಮ್ಮ ಪೆಟ್ಟಿಗೆಯನ್ನು ಪರೀಕ್ಷಿಸಿದ್ದರೆ ಅದು ಬಾಗಿಲಿನ ಮರದ ವಯಸ್ಸನ್ನು ಹೇಳಿ, ಅಂಗಡಿಯವನನ್ನೇ ಗೆಲ್ಲಿಸುತ್ತಿತ್ತು. ಎರಡನೆಯದಾಗಿ, ಕಳೆದ ಮುನ್ನೂರು ವರ್ಷಗಳಲ್ಲಿ ವಾಯುಮಂಡಲದ ಇಂಗಾಲ-೧೪ರ ಪ್ರಮಾಣವು ಏರಿಳಿದಿರುವ ರೀತಿಯಿಂದಾಗಿ, ಒಂದೇ ಅಳತೆಗೆ ಹಲವು ಉತ್ತರಗಳು ಬರುತ್ತವೆ. ೧೭೦೦ರದೋ ೧೮೫೦ರದೋ ಎಂದು ಕೇಳಿದರೆ ಯಂತ್ರವು ಮೌನ ವಹಿಸುತ್ತದೆ. ಅದು ಖಚಿತವಾಗಿ ಹೇಳಬಲ್ಲ ಈಚಿನ ಸಂಗತಿ ಒಂದುಂಟು. ೧೯೬೩ರ ಒಪ್ಪಂದದವರೆಗೆ ಬಯಲಿನಲ್ಲಿ ಸಿಡಿಸಿದ ಪರಮಾಣು ಬಾಂಬುಗಳು ಗಾಳಿಯಲ್ಲಿನ ಇಂಗಾಲ-೧೪ನ್ನು ಸುಮಾರು ಇಮ್ಮಡಿ ಮಾಡಿದುದರಿಂದ, ಆಮೇಲೆ ಬೆಳೆದ ಮರದಲ್ಲಿ ಅದರ ಗುರುತು ಅಳಿಸಲಾಗದಂತೆ ಉಳಿದಿದೆ. ಇಲ್ಲಿಯೂ ಅದೇ ತರ್ಕ: ಹೊಸದನ್ನು ಹಿಡಿಯಬಹುದು, ಹಳೆಯದನ್ನು ಸಾಧಿಸುವುದು ಕಷ್ಟ.

ಹೀಗಿರುವಲ್ಲಿ ಹಳೆಯದನ್ನು ಹಳೆಯದೆಂದು ಸಾಧಿಸುವುದು ಯಾವುದು? ನಮ್ಮ ಅಭಿಪ್ರಾಯದಲ್ಲಿ, ಅದು ಎಲ್ಲಿತ್ತು, ಯಾರ ಬಳಿಯಿತ್ತು, ಏತಕ್ಕೆ ಬಳಕೆಯಾಗುತ್ತಿತ್ತು ಎಂಬ ಬರಹ. ಅದೂ ವಸ್ತುವು ಸ್ಥಳ ಬಿಡುವ ಮೊದಲೇ ಬರೆದಿಟ್ಟ ಬರಹ. ತಮಿಳುನಾಡಿನ ಶ್ರೀಪುರಂತಾನ್ ಎಂಬ ಹಳ್ಳಿಯ ದೇವಾಲಯದಿಂದ ಕದ್ದ ಚೋಳರ ಕಾಲದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆಯು ೨೦೦೮ರಲ್ಲಿ ಐವತ್ತು ಲಕ್ಷ ಡಾಲರು ಕೊಟ್ಟು ಕೊಂಡಿತು. ವಿಗ್ರಹ ಅಪ್ಪಟ, ಜೊತೆಗೆ ಬಂದ ಕಾಗದಪತ್ರಗಳು ನಕಲಿ. ಸತ್ಯವನ್ನು ಹೊರಗೆ ತಂದುದು ಯಾವ ಪ್ರಯೋಗಶಾಲೆಯೂ ಅಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ೧೯೯೪ರಲ್ಲಿ ಅದೇ ದೇವಾಲಯದಲ್ಲಿ ಅದೇ ವಿಗ್ರಹದ ಛಾಯಾಚಿತ್ರವನ್ನು ತೆಗೆದಿಟ್ಟಿದ್ದರು. ೨೦೧೪ರಲ್ಲಿ ನಟರಾಜನು ಭಾರತಕ್ಕೆ ಮರಳಿದನು.

ಕಲ್ಲಿನ ಮಟ್ಟಿಗೆ ನಮ್ಮ ಸೀಮೆಗೆ ಅಂಥ ದಾಖಲೆಯ ಭಾಗ್ಯವಿದೆ. ಬಿ. ಎಲ್. ರೈಸರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ೧೯೦೪ರಲ್ಲಿ ಪ್ರಕಟಿಸಿದರು. ಯಾವ ಊರಿನ ಯಾವ ಮೂಲೆಯಲ್ಲಿ ಯಾವ ಶಾಸನವಿತ್ತೆಂಬುದು ಅಲ್ಲಿ ಅಚ್ಚಾಗಿದೆ. ಅರಳಗುಪ್ಪೆಯ ಕಲ್ಲೇಶ್ವರನ ಮಾಳಿಗೆಯಲ್ಲಿ ದಿಕ್ಪಾಲಕರ ನಡುವೆ ಕುಣಿಯುವ ಶಿವನಾಗಲಿ, ತುರುವೇಕೆರೆ, ನಾಗಲಾಪುರ, ವಿಘ್ನಸಂತೆಗಳ ಹೊಯ್ಸಳ ಗುಡಿಗಳಾಗಲಿ ವಿದ್ವಾಂಸರ ಗಮನವನ್ನು ಬಹುಕಾಲದಿಂದ ಪಡೆದಿವೆ. ಅವುಗಳ ಒಂದು ಚೂರನ್ನು ಅಂಗಡಿಯಲ್ಲಿ ಕಂಡರೆ ನಿಜವೋ ನಕಲೋ ಎಂದು ಚರ್ಚಿಸುತ್ತ ಕೂರಬಾರದು. ನಿಜವಾಗಿದ್ದರೆ ಕದ್ದದ್ದು, ನಕಲಾಗಿದ್ದರೆ ಮೋಸದ್ದು, ಎರಡೂ ಪಕ್ಷದಲ್ಲಿ ಕೊಳ್ಳತಕ್ಕದ್ದಲ್ಲ. ೧೯೭೨ರ ಪುರಾತನ ವಸ್ತುಗಳ ಕಾಯಿದೆಯು ೧೯೭೬ರ ಏಪ್ರಿಲಿನಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ನಾಣ್ಯ, ಕರಕೌಶಲದ ವಸ್ತುಗಳೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಬೆಲೆಯುಳ್ಳ ಹಸ್ತಪ್ರತಿಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸಕೂಡದು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸಕೂಡದು. 'ಟಿಪ್ಪು ಕಾಲದ್ದು' ಎಂದು ಮಾರುವವನನ್ನು ಪರವಾನಗಿ ತೋರಿಸೆಂದು ಕೇಳಿದರೆ, ಪೆಟ್ಟಿಗೆಯು ಎಷ್ಟೋ ಸಲ ಅಲ್ಲಿಯೇ ನೂರೈವತ್ತು ವರ್ಷ ಕಿರಿದಾಗುವುದುಂಟು.

ಕಲ್ಲಿಗೆ ರೈಸರಿದ್ದರು. ಮರಕ್ಕೆ, ತಾಮ್ರಕ್ಕೆ, ತುರಿಯುವ ಮಣೆಗೆ ಯಾರಿದ್ದಾರೆ? ಗೃಹಸ್ಥರ ಮನೆಯ ವಸ್ತುಗಳಿಗೆ ಶಾಸನವಿಲ್ಲ. ಅವುಗಳ ಚರಿತ್ರೆಯೆಲ್ಲ ಎಂಬತ್ತು ತೊಂಬತ್ತು ದಾಟಿದ ಅಜ್ಜಿಯರ ನೆನಪಿನಲ್ಲಿದೆ. ಈ ನೆನಪು ಕೂಡ ಪರೀಕ್ಷೆಗೆ ಒಳಗಾಗಬೇಕಾದುದೇ. ಮನೆಯ ಹೆಮ್ಮೆಯು ಅಂಗ���ಿಯವನಷ್ಟೇ ಸಲೀಸಾಗಿ ನೂರು ವರ್ಷ ಸೇರಿಸಬಲ್ಲುದು. ಆದರೂ "ಈ ಹಂಡೆ ನನ್ನ ಮದುವೆಯಲ್ಲಿ ತವರಿನಿಂದ ಬಂದದ್ದು" ಎಂಬ ಒಂದು ಮಾತಿಗೆ, ಮದುವೆಯ ವರ್ಷ ತಿಳಿದಿದ್ದರೆ, ಎಷ್ಟೋ ಪ್ರಯೋಗಗಳಿಗಿಂತ ಹೆಚ್ಚಿನ ತೂಕವಿದೆ. ಕೆಲವು ಪಾತ್ರೆಗಳ ಮೇಲೆ ಹೆಸರನ್ನೂ ತಾರೀಖನ್ನೂ ಕೊರೆಸಿರುತ್ತಾರೆ. ಅದು ಸಿಕ್ಕರೆ ಅದೃಷ್ಟ.

ಪುರಾತನ ವಸ್ತುಗಳನ್ನು ಕೊಳ್ಳುವ ಹುಚ್ಚು ವಿದ್ಯಾರ್ಥಿಗಳಿಗೆ ಬೇಡವೆಂದು ನಾವು ಹೇಳುವುದಿಲ್ಲ. ಅದಕ್ಕೆ ಬೇಕಾದ ಹಣವೂ ಅವರಲ್ಲಿ ಇರುವುದಿಲ್ಲ. ನಾವು ಕೇಳುವುದು ಬೇರೆ. ತಿಪಟೂರಿನ, ತುರುವೇಕೆರೆಯ, ಚಿಕ್ಕನಾಯಕನಹಳ್ಳಿಯ ಶಾಲಾ ಕಾಲೇಜುಗಳಲ್ಲಿ ವಿಜ್ಞಾನ ಸಂಘಗಳು ಉಂಟಷ್ಟೆ. ಒಂದು ವರ್ಷ ಜ್ವಾಲಾಮುಖಿಯ ಮಾದರಿಯನ್ನು ಮಾಡುವುದನ್ನು ಬಿಟ್ಟು, ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಮನೆಯ ಐದು ವಸ್ತುಗಳನ್ನು ಆರಿಸಿಕೊಳ್ಳಲಿ. ಉದ್ದ ಅಗಲ ತೂಕಗಳು, ಯಾವ ಮರ ಅಥವಾ ಲೋಹ, ಗರಗಸದ ಗುರುತು, ಮೊಳೆಯ ಬಗೆ, ಎಲ್ಲಿ ಸವೆದಿದೆ, ಮನೆಯ ಯಾವ ಜಾಗದಲ್ಲಿತ್ತು, ಯಾರು ಏನು ಹೇಳಿದರು, ಹೇಳಿದವರ ವಯಸ್ಸೆಷ್ಟು, ಬರೆದ ದಿನ ಯಾವುದು, ಇಷ್ಟನ್ನು ಬರೆಯಲಿ. ನಾಲ್ಕು ದಿಕ್ಕಿನಿಂದಲೂ ಅಡಿಯಿಂದಲೂ ಒಂದೊಂದು ಛಾಯಾಚಿತ್ರ, ಪಕ್ಕದಲ್ಲಿ ಒಂದು ಅಳತೆಪಟ್ಟಿ. ಹೇಳಿದ ಮಾತನ್ನೂ ತಾವು ಕಂಡುದನ್ನೂ ಬೇರೆ ಬೇರೆ ಕಲಮುಗಳಲ್ಲಿ ಬರೆಯಲಿ. ಎರಡನ್ನೂ ಬೆರೆಸಿದರೆ ಅಂಗಡಿಯವನ ಕಥೆಯೇ ಆಗುತ್ತದೆ. ಪುಸ್ತಕವು ಶಾಲೆಯ ಗ್ರಂಥಾಲಯದಲ್ಲಿ ಇರಲಿ. ಮನೆಯನ್ನು ಕೆಡವಿ ಬಾಗಿಲನ್ನು ಲಾರಿಗೆ ಹೇರಿದ ಮೇಲೆಯೂ, ಅದು ಯಾವ ಊರಿನದೆಂಬ ಪ್ರಶ್ನೆಗೆ ಆಗ ಉತ್ತರವಿರುತ್ತದೆ.

ಈ ಕೆಲಸಕ್ಕೆ ತಕ್ಕ ಸಮಯ, ಒಣಗಿದ ಕಾಯಿಯನ್ನು ಅಟ್ಟದಿಂದ ಇಳಿಸಿ ಸುಲಿಯುವ ದಿನಗಳು. ಅಟ್ಟ ಬರಿದಾಗಿರುತ್ತದೆ, ಮನೆಯವರೆಲ್ಲ ಒಟ್ಟಿಗೆ ಇರುತ್ತಾರೆ, ವರ್ಷವಿಡೀ ರಾಶಿಯ ಹಿಂದೆ ಅಡಗಿದ್ದ ಪೆಟ್ಟಿಗೆ ಮಂಕರಿಗಳು ಕೈಗೆ ಸಿಗುತ್ತವೆ. ಏಣಿ ಹತ್ತುವಾಗ ಒಂದು ಟಾರ್ಚು, ಒಂದು ಭೂತಕನ್ನಡಿ, ಒಂದು ನೋಟ್ ಪುಸ್ತಕ ಇದ್ದರಾಯಿತು. ಇಲ್ಲಣಕ್ಕೆ ಮೂಗಿಗೊಂದು ಬಟ್ಟೆಯನ್ನು ಕಟ್ಟಿಕೊಳ್ಳುವುದು ಒಳ್ಳೆಯದು.